ಕರುಳಿನ ತಂತಿ, ಕಟ್ಟಿದ ಮೆಟ್ಟು: ಹೆಸ್ಪೆರಿಯಾನ್ ಕಛೇರಿ ಕೇಳಿ ಬಂದೆ

ತುಂಗಾತೀರ (ತುಲೂಸ್, ಫ್ರಾನ್ಸ್)

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ, ಹಿಂದೂಸ್ತಾನಿ ಕೇಳುವವರು ಅಂತ ಗೊತ್ತು. ಆದರೂ ಇದನ್ನು ನಿಮ್ಮ ಹತ್ತಿರವೇ ಹೇಳಬೇಕು ಅನ್ನಿಸಿತು. ಆ ಕಛೇರಿಯಲ್ಲಿ ಕೂತಿದ್ದಷ್ಟು ಹೊತ್ತೂ ನನಗೆ ನೆನಪಾಗುತ್ತಿದ್ದದ್ದು ತೀರ್ಥಹಳ್ಳಿಯಲ್ಲಿ ನಮ್ಮ ಅಜ್ಜಿ ನುಡಿಸುತ್ತಿದ್ದ ವೀಣೆ.

ನಾನಿರುವ ತುಲೂಸ್‌ನಿಂದ ನಾರ್ಬೋನ್ ಊರಿಗೆ ರೈಲಿದೆ. ಅಲ್ಲಿಂದ ಸ್ವಲ್ಪ ದೂರ ಹೋದರೆ ಬೆಟ್ಟದ ಮಡಿಲಲ್ಲಿ ಫೋಂಫ್ರ್ವಾದ್ ಅನ್ನುವ ಹಳೆಯ ಕ್ರೈಸ್ತ ಮಠ ಸಿಗುತ್ತದೆ. ಸ್ಪೇನಿನ ವಾದಕ ಜೋರ್ಡಿ ಸವಾಲ್ ಬೇಸಿಗೆಯಲ್ಲಿ ಅಲ್ಲೊಂದು ಸಂಗೀತೋತ್ಸವ ನಡೆಸುತ್ತಾರೆ. ಅವರದೇ ತಂಡ ಹೆಸ್ಪೆರಿಯಾನ್ 21. ಇಟಲಿ ಮತ್ತು ಸ್ಪೇನ್ ಕಡೆಯ ನೆಲಕ್ಕೆ ಹಿಂದೆ ಹೆಸ್ಪೆರಿಯಾ ಅನ್ನುವ ಹೆಸರಿತ್ತು, ಅದರಿಂದ ಬಂದದ್ದು. 1974ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಸವಾಲ್, ಅವರ ಹೆಂಡತಿ ಗಾಯಕಿ ಮೊಂಟ್ಸೆರಾಟ್ ಫಿಗೆರಾಸ್, ಮತ್ತೆ ಲೊರೆಂಜೊ ಆಲ್ಪರ್ಟ್, ಹಾಪ್‌ಕಿನ್ಸನ್ ಸ್ಮಿತ್ ಅಂತ ನಾಲ್ಕೇ ಜನ ಸೇರಿ ಶುರು ಮಾಡಿದ್ದು. ಆಗ ಅದು ಹೆಸ್ಪೆರಿಯಾನ್ 20. 2000ದಲ್ಲಿ ಶತಮಾನದ ಲೆಕ್ಕ ಹಿಡಿದು 21 ಮಾಡಿಕೊಂಡರು. ಸುಮಾರಾಗಿ ನಮ್ಮ ಪುರಂದರದಾಸರ ಕಾಲದಿಂದ ತ್ಯಾಗರಾಜರು ಹುಟ್ಟುವವರೆಗಿನ ಅವಧಿಯ ಯುರೋಪಿನ ಸಂಗೀತ, ಅದನ್ನು ಆ ಕಾಲದ ವಾದ್ಯಗಳಲ್ಲೇ ನುಡಿಸುವುದು ಅವರ ಮುಖ್ಯ ಕೆಲಸ.

ನನಗೆ ಎರಡನೇ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಸವಾಲ್ ಅವರ ಕೈ ಚೆನ್ನಾಗಿ ಕಾಣುತ್ತಿತ್ತು. ಅವರು ನುಡಿಸುವುದು ವಯೋಲಾ ದ ಗಾಂಬಾ. ನೋಡಿದರೆ ಚೆಲ್ಲೋ (ಕೂತು ನುಡಿಸುವ ದೊಡ್ಡ ಪಿಟೀಲಿನಂಥದ್ದು) ಅನ್ನಿಸುತ್ತದೆ, ಆದರೆ ನೆಲಕ್ಕೆ ಊರುವ ಕಡ್ಡಿ ಇಲ್ಲ, ಎರಡು ಕಾಲುಗಳ ಮಧ್ಯೆ ಹಿಡಿದುಕೊಂಡು ಕೂರುತ್ತಾರೆ. ಕಮಾನನ್ನು ಅಂಗೈ ಮೇಲೆ ಮಾಡಿ ಕೆಳಗಿನಿಂದ ಹಿಡಿಯುತ್ತಾರೆ, ಬೆರಳು ಕಮಾನಿನ ಕೂದಲನ್ನೇ ಒತ್ತುತ್ತಿರುತ್ತದೆ. ಸ್ವರ ಉಬ್ಬಬೇಕಾದಾಗ ಆ ಬೆರಳು ಸ್ವಲ್ಪ ಬಿಗಿಯಾಗುವುದು, ಇಳಿಯಬೇಕಾದಾಗ ಸಡಿಲಾಗುವುದು, ಎರಡೂ ಕಣ್ಣಿಗೆ ಕಾಣುತ್ತಿತ್ತು. ತಂತಿಗಳು ಕುರಿಯ ಕರುಳಿನವು. ಮೆಟ್ಟುಗಳೂ (ಬೆರಳಿಡುವ ಸ್ವರದ ಜಾಗ ಗುರುತಿಸುವ ಅಡ್ಡಗೆರೆಗಳು) ಕರುಳಿನವೇ! ದಾರದ ಹಾಗೆ ಕತ್ತಿನ ಸುತ್ತ ಸುತ್ತಿ ಹಿಂದೆ ಗಂಟು ಹಾಕಿರುತ್ತಾರೆ. ಸೆಖೆ ಜಾಸ್ತಿ ಇತ್ತು, ಪ್ರತಿ ತುಣುಕು ಮುಗಿದ ಮೇಲೂ ಎಲ್ಲರೂ ಬಿರಡೆ ತಿರುಗಿಸಿ ಶ್ರುತಿ ಮಾಡಿಕೊಳ್ಳುತ್ತಿದ್ದರು. ಒಂದು ಸಲ ಸವಾಲ್ ಬಿರಡೆ ಮುಟ್ಟಲಿಲ್ಲ. ಒಂದು ಮೆಟ್ಟನ್ನು ಹೆಬ್ಬೆರಳಿನಿಂದ ಕೂದಲೆಳೆಯಷ್ಟು ಮೇಲೆ ತಳ್ಳಿದರು. ತಂತಿ ಎಳೆದು ನೋಡಿದರು. ತಲೆಯಾಡಿಸಿ ಮುಂದೆ ಹೋದರು.

ಅಷ್ಟು ನೋಡಿದ್ದೇ ನನಗೆ ಕಣ್ಣು ತುಂಬಿ ಬಂತು. ಯಾಕೆ ಅಂತ ಇಲ್ಲಿಯ ವೀಣೆಯವರಿಗೆ ಅರ್ಥವಾಗುತ್ತದೆ. ಬೇರೆ ಯಾರಾದರೂ ಈ ಸಂಗೀತ ಕೇಳುತ್ತೀರಾ? ಮಾತಾಡೋಣ.

ಬನಶಂಕರಿ ರಸಿಕ

ಚೆನ್ನಾಗಿ ಬರೆದಿದ್ದೀರಿ ತುಂಗಾತೀರ ಅವರೇ. ನಾನು ಬಾಖ್, ವಿವಾಲ್ಡಿ ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಆದರೆ ದೊಡ್ಡ ಆರ್ಕೆಸ್ಟ್ರಾದಲ್ಲಿ. ಹಳೆಯ ವಾದ್ಯದ ರೆಕಾರ್ಡಿಂಗ್ ಹಾಕಿದರೆ ನನ್ನ ಕಿವಿಗೆ ಏನೋ ತೆಳುವಾಗಿ, ಒಣಗಿದ ಹಾಗೆ ಕೇಳುತ್ತದೆ. ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ: ವಾದ್ಯ ಸುಧಾರಿಸಿದ ಮೇಲೆ ಮತ್ತೆ ಹಿಂದಕ್ಕೆ ಯಾಕೆ ಹೋಗಬೇಕು? ಮ್ಯೂಸಿಯಂನಲ್ಲಿ ಇಡುವುದನ್ನು ವೇದಿಕೆ ಮೇಲೆ ತಂದ ಹಾಗೆ ಆಗುವುದಿಲ್ಲವೇ?

ಪಿಟೀಲು ಮೈಸೂರು

ರಸಿಕರೇ, ಇದಕ್ಕೆ ಪಿಟೀಲು ಹಿಡಿಯುವವನಾಗಿ ನಾನು ಉತ್ತರ ಹೇಳುತ್ತೇನೆ. "ಸುಧಾರಿಸಿದ" ಅನ್ನುವ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

1700ರ ಸುಮಾರಿನ ಪಿಟೀಲಿಗೆ ಗಲ್ಲದ ಪಟ್ಟಿ ಇರಲಿಲ್ಲ, ಅದು ಬಂದದ್ದು 1820ರ ಹೊತ್ತಿಗೆ. ಕತ್ತು ಗಿಡ್ಡ, ಒಳಗಿನ ಪಟ್ಟಿ ತೆಳು, ತಂತಿಯ ಬಿಗಿ ಕಡಿಮೆ. ಕಮಾನು ನಿಜವಾಗಿ ಬಿಲ್ಲಿನ ಹಾಗೆ ಹೊರಗೆ ಬಾಗಿರುತ್ತಿತ್ತು. ಈಗ ನಾವು ಹಿಡಿಯುವ ಒಳಕ್ಕೆ ಬಾಗಿದ ಕಮಾನು 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ತೂರ್ತ್ ಅನ್ನುವ ಕಮಾನು ತಯಾರಕರ ಕೈಯಲ್ಲಿ ನೆಲೆ ನಿಂತದ್ದು. ಈ ಬದಲಾವಣೆಗಳೆಲ್ಲ ಹೆಚ್ಚಾಗಿ ಒಂದೇ ಕಾರಣಕ್ಕೆ ಆದವು. ಸಭಾಂಗಣ ದೊಡ್ಡದಾಯಿತು, ಕೊನೇ ಸಾಲಿಗೂ ಕೇಳಬೇಕಾಯಿತು. ಗಟ್ಟಿ ಶಬ್ದ ಬಂತು. ಅದಕ್ಕೆ ಬದಲಾಗಿ ಮಾತಿನ ಹಾಗೆ ಚಿಕ್ಕ ಚಿಕ್ಕದಾಗಿ ಒಡೆದು ನುಡಿಸುವುದು ಕಷ್ಟವಾಯಿತು. ಹಳೆ ಕಮಾನಿನಲ್ಲಿ ಪ್ರತಿ ಎಳೆತವೂ ತಾನಾಗಿಯೇ ಹುಟ್ಟಿ, ಉಬ್ಬಿ, ಸಾಯುತ್ತದೆ. ಹೊಸ ಕಮಾನಿನಲ್ಲಿ ಒಂದೇ ಸಮನೆ ಉದ್ದಕ್ಕೆ ಎಳೆಯಬಹುದು. ಬಾಖ್ ಬರೆದದ್ದು ಮೊದಲನೆಯದಕ್ಕೆ.

ನಮ್ಮ ಮೈಸೂರಿನ ಚೌಡಯ್ಯನವರನ್ನೇ ನೆನಪು ಮಾಡಿಕೊಳ್ಳಿ. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ನಾದ ಮುಟ್ಟಲಿ ಅಂತ ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಈಗ ಯಾರಾದರೂ ಅವರ ಬಾನಿಯನ್ನು ಅಭ್ಯಾಸ ಮಾಡಬೇಕು ಅಂದರೆ ನಾಲ್ಕು ತಂತಿಯಲ್ಲಿ ನುಡಿಸಿ ಸುಮ್ಮನಿದ್ದರೆ ಸಾಕೇ? ಆ ಏಳು ತಂತಿಯ ಮೇಲೆ ಕೈಯಿಟ್ಟಾಗಲೇ ಅವರು ಹಾಗೆ ಯಾಕೆ ಎಳೆಯುತ್ತಿದ್ದರು ಅನ್ನುವುದು ಕೈಗೆ ಗೊತ್ತಾಗುವುದು. ಹಳೆ ವಾದ್ಯದವರು ಮಾಡುತ್ತಿರುವುದು ಇಷ್ಟೇ. ವಾದ್ಯವೇ ಗುರು.

ತುಂಗಾತೀರ

ಸರ್, ಇದನ್ನು ಓದಿ ಮೈ ಜುಮ್ಮೆಂದಿತು. ಯಾಕೆಂದರೆ ಸವಾಲ್ ಅವರ ವಯೋಲಾ ದ ಗಾಂಬಾ ಕೂಡ ಏಳು ತಂತಿಯದು! ಲಂಡನ್‌ನ ಬರಾಕ್ ನಾರ್ಮನ್ 1697ರಲ್ಲಿ ಮಾಡಿದ ವಾದ್ಯ. ಆ ವಾದ್ಯಕ್ಕೆ ಮಾಮೂಲಾಗಿ ಆರು ತಂತಿ. ಏಳನೆಯದು, ಮಂದ್ರದಲ್ಲಿ ಇನ್ನೂ ಕೆಳಗೆ ಹೋಗುವ ತಂತಿ, ಫ್ರಾನ್ಸ್‌ನಲ್ಲಿ ಸೇರಿಕೊಂಡದ್ದು. ಸ್ಯಾಂತ್ ಕೊಲೋಂಬ್ ಅನ್ನುವ ವಾದಕರು ಅದನ್ನು ಸೇರಿಸಿದರು ಅಂತ ಅವರ ಶಿಷ್ಯರಾದ ಜಾಂ ರೂಸೋ 1687ರ ಪುಸ್ತಕದಲ್ಲಿ ಬರೆದಿದ್ದಾರೆ. ಚೌಡಯ್ಯನವರು ತಂತಿ ಸೇರಿಸಿದ್ದು ನಾದ ದೂರ ಹೋಗಲಿ ಅಂತ. ಇವರು ಸೇರಿಸಿದ್ದು ನಾದ ಆಳಕ್ಕೆ ಇಳಿಯಲಿ ಅಂತ.

ಮೇಣದ ಮೆಟ್ಟು (ಬೆಂಗಳೂರು)

ತುಂಗಾತೀರ, ನಿಮಗೆ ಕಣ್ಣು ತುಂಬಿದ್ದು ನನಗೆ ಚೆನ್ನಾಗಿ ಅರ್ಥವಾಯಿತಮ್ಮ. ನಾನು ವೀಣೆ ಹೇಳಿಕೊಡುವವಳು. ನಮ್ಮದು ಇಪ್ಪತ್ನಾಲ್ಕು ಮೆಟ್ಟು, ಮೇಣದಲ್ಲಿ ಕೂರಿಸಿರುತ್ತದೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಒಂದು ಮೆಟ್ಟು ಒಂದು ಕೂದಲೆಳೆಯಷ್ಟು ಸರಿದರೂ ಗಾಂಧಾರ ಕೈಕೊಡುತ್ತದೆ, ಮತ್ತೆ ಮೇಳ ಕಟ್ಟಿಸಬೇಕು. ಅವರದು ಕಟ್ಟಿದ ದಾರ, ಕೂತಲ್ಲೇ ಸರಿಸಬಹುದು. ಸಿತಾರಿನಲ್ಲೂ ಹಾಗೇ ತಾನೇ.

ನಾನು ಹೇಳಬೇಕು ಅಂದುಕೊಂಡದ್ದು ಶ್ರುತಿಯ ವಿಷಯ. ರಸಿಕರು ಅದನ್ನು ಮನಸ್ಸಿಟ್ಟು ಕೇಳಬೇಕು ಅಂತ ನನ್ನ ಆಸೆ.

ತಂಬೂರಿ ಮೀಟಿ ಕಣ್ಣು ಮುಚ್ಚಿ ಕೂತರೆ ಸ್ವಲ್ಪ ಹೊತ್ತಿಗೆ ಷಡ್ಜದ ಒಳಗಿಂದಲೇ ಒಂದು ಗಾಂಧಾರ ಎದ್ದು ಬರುತ್ತದೆ. ಯಾರೂ ನುಡಿಸಿದ್ದಲ್ಲ, ತಾನಾಗಿ ಬರುವುದು. ಅದು ಅಂತರ ಗಾಂಧಾರ, ಷಡ್ಜಕ್ಕೆ ನಾಲ್ಕಕ್ಕೆ ಐದರ ಅನುಪಾತದಲ್ಲಿ ಇರುತ್ತದೆ. ಅರೆಸ್ವರವನ್ನು ನೂರು ಪಾಲು ಮಾಡಿ ಒಂದು ಪಾಲಿಗೆ ಸೆಂಟ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ತಂಬೂರಿಯ ಗಾಂಧಾರ 386 ಸೆಂಟ್. ಈಗಿನ ಪಿಯಾನೋ, ಕೀಬೋರ್ಡಿನ ಗಾಂಧಾರ 400. ಹದಿನಾಲ್ಕು ಸೆಂಟ್ ಹೆಚ್ಚು. ನಮ್ಮ ಮಕ್ಕಳು ಕೀಬೋರ್ಡ್ ಜೊತೆ ಹಾಡಿ ಹಾಡಿ ಗಾಂಧಾರ ಮೇಲೆ ಹತ್ತಿಸಿಕೊಂಡು ಬರುತ್ತಾರೆ, ಅದನ್ನು ಇಳಿಸುವುದಕ್ಕೆ ನಾನು ಆರು ತಿಂಗಳು ಹೆಣಗಬೇಕು.

16, 17ನೇ ಶತಮಾನದ ಯುರೋಪಿನ ಹಾರ್ಪ್ಸಿಕಾರ್ಡ್ (ತಂತಿ ಮೀಟುವ, ಪಿಯಾನೋದಂಥ ಹಳೆ ವಾದ್ಯ), ಆರ್ಗನ್‌ಗಳಲ್ಲಿ ಆ ಹದಿನಾಲ್ಕು ಸೆಂಟಿನ ತಪ್ಪು ಇರಲಿಲ್ಲ. ಅವರು ಗಾಂಧಾರವನ್ನು ಶುದ್ಧ ಇಟ್ಟುಕೊಂಡರು. ಹೇಗೆ? ನಾಲ್ಕು ಶುದ್ಧ ಪಂಚಮಗಳನ್ನು ಒಂದರ ಮೇಲೊಂದು ಏರಿಸಿದರೆ ಸಿಗುವ ಗಾಂಧಾರ ಸುಮಾರು 21 ಸೆಂಟ್ ಹೆಚ್ಚಾಗುತ್ತದೆ. ಆ ಹೆಚ್ಚನ್ನು ನಾಲ್ಕೂ ಪಂಚಮಗಳಿಗೆ ಹಂಚಿ, ಒಂದೊಂದನ್ನೂ ಐದೈದು ಸೆಂಟ್ ಇಳಿಸಿದರು. ಇದಕ್ಕೆ ಮೀನ್‌ಟೋನ್ ಅನ್ನುತ್ತಾರೆ. ಪಂಚಮ ಸ್ವಲ್ಪ ಸೊರಗಿತು, ಗಾಂಧಾರ ಗೆದ್ದಿತು. ನಮಗೆ ಪಂಚಮ ಅಲುಗಾಡುವುದು ಅಂದರೆ ಎದೆ ಝಲ್ ಅನ್ನುತ್ತದೆ, ಅದು ಬೇರೆ ಮಾತು! ಆದರೆ ಅವರಿಗೆ ಒಂದೇ ಆಧಾರ ಷಡ್ಜ ಇಲ್ಲ, ಸ್ವರಗಳು ಗುಂಪಾಗಿ ಬರುತ್ತವೆ, ಗುಂಪಿನಲ್ಲಿ ಮೊದಲು ಕಿವಿಗೆ ಬೀಳುವುದು ಗಾಂಧಾರವೇ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಹನ್ನೆರಡು ಸ್ವರದ ಸುತ್ತಿನ ಕೊನೆಗೆ ಒಂದು ಪಂಚಮ ಬಹಳ ಕೆಟ್ಟದಾಗಿ ಉಳಿದುಕೊಳ್ಳುತ್ತದೆ. ಅದನ್ನು ಅವರು ತೋಳ ಅಂತಲೇ ಕರೆಯುತ್ತಾರೆ, ಊಳಿಡುತ್ತದೆ ಅಂತ. ಆ ಕಡೆ ಹೋಗದ ಹಾಗೆ ರಚನೆ ಮಾಡುತ್ತಿದ್ದರು.

ರಸಿಕರೇ, ನೀವು "ತೆಳು, ಒಣಗು" ಅಂದಿರಿ. ಒಂದು ಕೆಲಸ ಮಾಡಿ. ಹದಿನೈದು ನಿಮಿಷ ತಂಬೂರಿ ಹಾಕಿಕೊಂಡು ಕೂತು ಆಮೇಲೆ ಆ ರೆಕಾರ್ಡಿಂಗ್ ಕೇಳಿ. ಸಣ್ಣದಾಗಿಯೇ ಇಟ್ಟು ಕೇಳಿ, ಜೋರು ಮಾಡಬೇಡಿ.

ಪಿಟೀಲು ಮೈಸೂರು

ಮೇಡಂ ಹೇಳಿದ್ದಕ್ಕೆ ಒಂದು ಸಣ್ಣ ಸೇರಿಕೆ. ಮೆಟ್ಟು ಕಟ್ಟಿದ ವಾದ್ಯಗಳೆಲ್ಲ ಹೀಗೇ ಇದ್ದವು ಅಂದುಕೊಳ್ಳಬಾರದು. ಗೆಲಿಲಿಯೋ ಅವರ ತಂದೆ ವಿಂಚೆಂಜೊ ಗೆಲಿಲಿ ಲ್ಯೂಟ್ (ಬೆರಳಲ್ಲಿ ಮೀಟುವ ತಂತಿವಾದ್ಯ) ವಾದಕರು. ಅವರು ಮೆಟ್ಟು ಕೂರಿಸುವುದಕ್ಕೆ 18ಕ್ಕೆ 17ರ ಲೆಕ್ಕ ಕೊಟ್ಟಿದ್ದಾರೆ. ಅದು ಹೆಚ್ಚೂಕಡಿಮೆ ಈಗಿನ ಸಮ ಶ್ರುತಿಯೇ. ಒಂದೇ ದಾರದ ಮೆಟ್ಟು ಆರು ತಂತಿಗೂ ಅಡ್ಡ ಬರುತ್ತದಲ್ಲ, ಒಂದು ತಂತಿಗೆ ಸರಿ ಮಾಡಿದರೆ ಇನ್ನೊಂದಕ್ಕೆ ತಪ್ಪುತ್ತದೆ. ಹಾಗಾಗಿ ಹಾರ್ಪ್ಸಿಕಾರ್ಡ್ ಜೊತೆ ಕೂತಾಗ ಇವರ ಪರದಾಟ ಬಹಳ. ತುಂಗಾತೀರ ನೋಡಿದ ಹೆಬ್ಬೆರಳಿನ ಕೆಲಸ ಅದಕ್ಕೇ ಇರಬೇಕು.

ಇನ್ನೊಂದು, ಆಧಾರ ಶ್ರುತಿ. ಈಗ ಎ ಸ್ವರಕ್ಕೆ 440 ಹರ್ಟ್ಸ್ ಅನ್ನುವುದು 1939ರಲ್ಲಿ ಲಂಡನ್‌ನಲ್ಲಿ ಸೇರಿ ಒಪ್ಪಿಕೊಂಡದ್ದು. ಬರೋಕ್ (ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತ) ತಂಡಗಳು ಸಾಮಾನ್ಯವಾಗಿ 415ಕ್ಕೆ ಇಳಿಸಿಕೊಳ್ಳುತ್ತವೆ, ಅಂದರೆ ಅರೆಸ್ವರ ಕೆಳಗೆ. ಫ್ರೆಂಚ್ ರಚನೆಗಳಿಗೆ 392ರವರೆಗೂ ಇಳಿಯುವುದುಂಟು. ವೆನಿಸ್ ಕಡೆ 440ಕ್ಕಿಂತ ಮೇಲೆ ಇತ್ತು. ಅಂದರೆ ಊರಿಗೊಂದು ಶ್ರುತಿ! ಗಾಯಕರ ಕಂಠಕ್ಕೆ ತಕ್ಕಂತೆ ಶ್ರುತಿಯ ಮನೆ ಬದಲಿಸುವ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ.

ಧಾರವಾಡದ ಕಿವಿ

ನಮಸ್ಕಾರ ಎಲ್ಲರಿಗೂ. ಕರುಳಿನ ತಂತಿ, ಅಂಗೈ ಮೇಲೆ ಮಾಡಿ ಹಿಡಿಯುವ ಕಮಾನು... ಇದನ್ನು ಓದಿದ ಕೂಡಲೇ ನನ್ನ ಕಣ್ಣಿಗೆ ಕಟ್ಟಿದ್ದು ಸಾರಂಗಿ. ನಮ್ಮಲ್ಲಿ ಸಾರಂಗಿಯ ಮುಖ್ಯ ತಂತಿಗಳು ಇವತ್ತಿಗೂ ಕರುಳಿನವೇ. ಕಮಾನು ಹಿಡಿಯುವುದೂ ಹಾಗೆಯೇ, ಕೆಳಗಿನಿಂದ. ಆ ನಾದದಲ್ಲಿ ಒಂದು ಸಣ್ಣ ಕರಕರ ಇರುತ್ತದೆ ನೋಡಿ, ಮನುಷ್ಯರ ಗಂಟಲಿನಲ್ಲಿ ಇರುವ ಹಾಗೆ. ಉಕ್ಕಿನ ತಂತಿಯಲ್ಲಿ ಅದು ಸಿಗುವುದಿಲ್ಲ.

ತುಂಗಾತೀರ ಅವರೇ, ಅವತ್ತು ಏನು ನುಡಿಸಿದರು ಅಂತ ನೀವು ಹೇಳಲೇ ಇಲ್ಲ!

ತುಂಗಾತೀರ

ಹೌದಲ್ಲ, ಅದೇ ಬಿಟ್ಟುಹೋಯಿತು. ಮೊದಲು ದಿಯೇಗೊ ಓರ್ತಿಸ್. ಸ್ಪೇನಿನವರು, 1553ರಲ್ಲಿ ರೋಮ್‌ನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ವಯೋಲ್ (ವಯೋಲಾ ದ ಗಾಂಬಾದ ಚಿಕ್ಕ ಹೆಸರು) ನುಡಿಸುವವರು ಒಂದು ಸಾಲನ್ನು ಹೇಗೆ ಒಡೆದು, ಬೆಳೆಸಿ, ತುಂಬಿ ನುಡಿಸಬೇಕು ಅಂತ ಹೇಳಿಕೊಡುವ ಪುಸ್ತಕ ಅದು. ಆಮೇಲೆ ಮಾರಾಂ ಮಾರೆ. ಸ್ಯಾಂತ್ ಕೊಲೋಂಬ್ ಅವರ ಶಿಷ್ಯ, ಫ್ರಾನ್ಸಿನ ರಾಜನ ಆಸ್ಥಾನದಲ್ಲಿದ್ದವರು, 1656ರಿಂದ 1728ರವರೆಗೆ ಬದುಕಿದವರು. ಅವರ ಫೋಲಿಯಾ, 1701ರಲ್ಲಿ ಅಚ್ಚಾದದ್ದು, ಕೊನೆಯಲ್ಲಿ ನುಡಿಸಿದರು.

ಫೋಲಿಯಾ ಅಂದರೆ ಕೆಳಗಡೆ ಒಂದೇ ಸಾಲು. ಹದಿನಾರು ಅಳತೆಯ ಸಾಲು. ಅದು ಮತ್ತೆ ಮತ್ತೆ ಸುತ್ತಿ ಬರುತ್ತಲೇ ಇರುತ್ತದೆ, ಬದಲಾಗುವುದಿಲ್ಲ. ಮೇಲೆ ಮಾತ್ರ ಪ್ರತಿ ಸುತ್ತೂ ಹೊಸದು. ಒಂದು ಸುತ್ತಿನಲ್ಲಿ ಅಳು, ಮುಂದಿನದರಲ್ಲಿ ಕುದುರೆ ಓಟ, ಅದರ ಮುಂದಿನದರಲ್ಲಿ ಬರೀ ಎರಡು ಸ್ವರ. ಗಿಟಾರಿನವರೂ ತಾಳವಾದ್ಯದವರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ನನಗೆ ಇದು ನೆರವಲ್ (ಒಂದೇ ಸಾಲಿನ ಸಾಹಿತ್ಯವನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಹಾಗೆ ಕೇಳಿಸಿತು.

ಧಾರವಾಡದ ಕಿವಿ

ನೆರವಲ್ ಅಲ್ಲ ತಂಗಿ, ಇದು ಲೆಹರಾ! ತಬಲಾ ಸೋಲೋ ಕೇಳಿದ್ದೀರಲ್ಲ, ಸಾರಂಗಿಯವರು ಅಥವಾ ಹಾರ್ಮೋನಿಯಂನವರು ಒಂದೇ ಸಾಲನ್ನು ಹಿಡಿದು ಸುತ್ತುತ್ತಲೇ ಇರುತ್ತಾರೆ. ಆ ಸಾಲಿನ ಮೇಲೆ ಕಣ್ಣಿಟ್ಟು ತಬಲಾದವರು ಆಕಾಶಕ್ಕೆ ಹೋಗಿ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಇಳಿಯುತ್ತಾರೆ. ಲೆಹರಾ ಹಿಡಿಯುವವರ ಕೆಲಸ ಸುಲಭ ಅಂತ ನೋಡುವವರಿಗೆ ಅನ್ನಿಸುತ್ತದೆ. ನಾನು ಹುಡುಗನಾಗಿದ್ದಾಗ ಒಬ್ಬ ಹಿರಿಯರಿಗೆ ನಲವತ್ತು ನಿಮಿಷ ಹಾರ್ಮೋನಿಯಂ ಮೇಲೆ ಲೆಹರಾ ಹಿಡಿದಿದ್ದೇನೆ, ಬೆನ್ನೆಲ್ಲ ಬೆವರು. ಒಂದು ಮಾತ್ರೆ ಆಚೀಚೆ ಆಗುವಂತಿಲ್ಲ, ಆದರೆ ಸತ್ತ ಹಾಗೂ ನುಡಿಸುವಂತಿಲ್ಲ.

ಆ ಕೆಳಗಿನ ಸಾಲು ನುಡಿಸುವವರಿಗೆ ಅಲ್ಲಿ ಏನನ್ನುತ್ತಾರೆ?

ತುಂಗಾತೀರ

ಕಂಟಿನ್ಯುವೊ ಅನ್ನುತ್ತಾರೆ ಅಣ್ಣಾ. ಇದು ಬಹಳ ಚೆನ್ನಾದ ವಿಷಯ. ಬರೋಕ್ ಕಾಲದ ಕಾಗದದಲ್ಲಿ ಹಾರ್ಪ್ಸಿಕಾರ್ಡಿನವರಿಗೋ ಥಿಯೋರ್ಬೊದವರಿಗೋ ಪೂರ್ತಿ ಸ್ವರ ಬರೆದಿರುವುದಿಲ್ಲ. ಕೆಳಗಿನ ಒಂದು ಸಾಲು, ಅದರ ಜೊತೆಗೆ 6, 7, 4 3 ಅಂತ ಅಂಕಿಗಳು, ಅಷ್ಟೇ. ಆ ಅಂಕಿ ನೋಡಿಕೊಂಡು ಮೇಲಿನ ಸ್ವರಗುಂಪನ್ನು ಅವರೇ ಆಗಿಂದಾಗ್ಗೆ ಕಟ್ಟಬೇಕು. ಗಾಯಕಿ ಮೆಲ್ಲಗೆ ಹಾಡಿದರೆ ಕಡಿಮೆ ಸ್ವರ, ಜೋರಾದರೆ ತುಂಬಿ. ಇವತ್ತು ನುಡಿಸಿದ ಹಾಗೆ ನಾಳೆ ನುಡಿಸುವುದಿಲ್ಲ. ಥಿಯೋರ್ಬೊ ಅಂದರೆ ಉದ್ದ ಕತ್ತಿನ ಲ್ಯೂಟ್, ನಿಲ್ಲಿಸಿದರೆ ಮನುಷ್ಯರೆತ್ತರ ಬರುವಂಥವೂ ಇವೆ. ಉದ್ದದ ಮಂದ್ರ ತಂತಿಗಳನ್ನು ಬೆರಳಿಂದ ಒತ್ತುವುದೇ ಇಲ್ಲ, ಬರೀ ಮೀಟುವುದು. ಅದರ ಮಂದ್ರ ಕಲ್ಲಿನ ಗೋಡೆಗೆ ತಾಗಿ ವಾಪಸ್ ಬರುತ್ತಿತ್ತು.

ಕಾಗದದಲ್ಲಿ ಇಲ್ಲದ್ದನ್ನು ತುಂಬುವುದೇ ಕಲಾವಿದರ ಕೆಲಸ. ನಾವು ಮನೋಧರ್ಮ ಅನ್ನುವುದಕ್ಕೆ ಇದು ಎಷ್ಟು ಹತ್ತಿರ ಅಲ್ವಾ?

ಬನಶಂಕರಿ ರಸಿಕ

ಮೇಣದ ಮೆಟ್ಟು ಅವರು ಹೇಳಿದ ಹಾಗೆ ಮಾಡಿದೆ. ನಿನ್ನೆ ರಾತ್ರಿ ತಂಬೂರಿ ಆ್ಯಪ್ ಹಾಕಿಕೊಂಡು ಹದಿನೈದು ನಿಮಿಷ ಕೂತೆ. ಆಮೇಲೆ 17ನೇ ಶತಮಾನದ ಆರ್ಗನ್, ಮೀನ್‌ಟೋನ್ ಶ್ರುತಿಯದು, ಕೇಳಿದೆ. ಮೇಡಂ, ನನಗೆ ಮಾತೇ ಹೊರಡಲಿಲ್ಲ. ಸ್ವರಗುಂಪು ನಿಂತಾಗ ಅಲೆ ಇಲ್ಲ, ನಡುಕ ಇಲ್ಲ, ನೀರು ನಿಂತ ಹಾಗೆ ನಿಲ್ಲುತ್ತದೆ. ಇಷ್ಟು ವರ್ಷ ನಾನು ಕೇಳುತ್ತಿದ್ದ ಆ "ತುಂಬಿದ" ಶಬ್ದದಲ್ಲಿ ಒಂದು ಸಣ್ಣ ನಡುಕ ಸದಾ ಇತ್ತು, ನಾನು ಅದನ್ನೇ ಸಂಗೀತ ಅಂದುಕೊಂಡಿದ್ದೆ.

ಆದರೆ ಇನ್ನೊಂದು ಸಂಶಯ ಬಾಕಿ ಇದೆ. ರಿಚರ್ಡ್ ಟಾರಸ್ಕಿನ್ ಅನ್ನುವ ವಿದ್ವಾಂಸರು, 2022ರಲ್ಲಿ ತೀರಿಕೊಂಡರು, ಈ ಹಳೆ ವಾದ್ಯದ ಚಳವಳಿಯನ್ನು ಕಟುವಾಗಿ ಪ್ರಶ್ನಿಸಿದ್ದರು. ನೀವು ನುಡಿಸುತ್ತಿರುವುದು ಹಳೆಯದಲ್ಲ, 20ನೇ ಶತಮಾನದ ರುಚಿಯನ್ನೇ ಹಳೆಯ ಬಟ್ಟೆ ತೊಡಿಸಿ ತಂದಿದ್ದೀರಿ ಅನ್ನುವುದು ಅವರ ವಾದದ ತಿರುಳು. ಸವಾಲ್ ತಂಡದ ಮೇಲೂ ಒಂದು ದೂರು ಇದೆ. ಹಳೆ ಹಸ್ತಪ್ರತಿಯಲ್ಲಿ ತಾಳವಾದ್ಯದ ಸುಳಿವೇ ಇರುವುದಿಲ್ಲ, ಇವರು ಡೋಲು, ಗಂಟೆ ಎಲ್ಲ ಸೇರಿಸುತ್ತಾರೆ. ಇದಕ್ಕೆ ಏನು ಹೇಳುತ್ತೀರಿ?

ತುಂಗಾತೀರ

ರಸಿಕರೇ, ಟಾರಸ್ಕಿನ್ ಹೇಳಿದ್ದರಲ್ಲಿ ಬಹಳಷ್ಟು ನಿಜ ಅಂತಲೇ ನನ್ನ ಅನಿಸಿಕೆ. 1701ರಲ್ಲಿ ಮಾರೆ ಹೇಗೆ ನುಡಿಸಿದರು ಅನ್ನುವುದನ್ನು ಕೇಳಿದ ಕಿವಿ ಯಾವುದೂ ಈಗ ಇಲ್ಲ. ಅದರ ಹಾಗೇ ನುಡಿಸುತ್ತೇವೆ ಅಂತ ಯಾರಾದರೂ ಹೇಳಿಕೊಂಡರೆ ಅದು ತಪ್ಪು.

ಆದರೆ ಇವರ ಕಷ್ಟ ಏನು ಅಂತ ನಾವು ಅರ್ಥ ಮಾಡಿಕೊಳ್ಳಬೇಕು. ನಮ್ಮಲ್ಲಿ ಗುರು ಶಿಷ್ಯರ ಕೊಂಡಿ ಕಡಿದಿಲ್ಲ. ಪಾಠಾಂತರ ಬೇರೆ ಬೇರೆ ಆಗಿರಬಹುದು, ಬಾನಿ ಬದಲಾಗಿರಬಹುದು, ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಅಂತ ಬಂದೇ ಬಂದಿದೆ. ವಯೋಲಾ ದ ಗಾಂಬಾದ ಕೊಂಡಿ ಕಡಿದೇ ಹೋಯಿತು. 1787ರಲ್ಲಿ ಲಂಡನ್‌ನಲ್ಲಿ ಆಬೆಲ್ ತೀರಿಕೊಂಡರು, ಆ ವಾದ್ಯದ ಕೊನೆಯ ದೊಡ್ಡ ವಾದಕರು ಅಂತ ಅವರನ್ನೇ ಹೇಳುತ್ತಾರೆ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಹೆಚ್ಚೂಕಡಿಮೆ ಮೌನ. ಕಾರ್ನೆಟ್ಟೊ ಅಂತ ಒಂದು ವಾದ್ಯವಿದೆ. ಬಾಗಿದ ಮರದ ಕೊಳವೆ, ಮೇಲೆ ಚರ್ಮದ ಹೊದಿಕೆ, ಊದುವ ತುದಿ ಕಹಳೆಯದು, ತೂತುಗಳು ಕೊಳಲಿನವು. ಮನುಷ್ಯರ ದನಿಗೆ ಅಷ್ಟು ಹತ್ತಿರದ ವಾದ್ಯ ಇನ್ನೊಂದಿಲ್ಲ ಅಂತ ಆ ಕಾಲದವರೇ ಕೊಂಡಾಡಿದ್ದರು. ಅದನ್ನು ಊದುವ ವಿದ್ಯೆಯೇ ಮರೆತುಹೋಗಿತ್ತು. ಬ್ರೂಸ್ ಡಿಕಿಯಂಥವರು ಹಳೆ ಪುಸ್ತಕ ಓದಿ, ತುಟಿ ನೋಯಿಸಿಕೊಂಡು, ವರ್ಷಗಟ್ಟಲೆ ಊದಿ ಊದಿ ಅದಕ್ಕೆ ಮತ್ತೆ ಜೀವ ಕೊಟ್ಟರು. ವಿಯೆನ್ನಾದಲ್ಲಿ ಹಾರ್ನನ್‌ಕೋರ್ಟ್ ದಂಪತಿ 1953ರಲ್ಲಿ ತಮ್ಮ ಹಳೆ ವಾದ್ಯದ ತಂಡ ಕಟ್ಟಿದರು, ಮೊದಲ ಸಾರ್ವಜನಿಕ ಕಛೇರಿ ಕೊಟ್ಟದ್ದು 1957ರಲ್ಲಿ. ನಾಲ್ಕು ವರ್ಷ ಬರೀ ಹುಡುಕಾಟ ಮತ್ತು ಅಭ್ಯಾಸ.

ಗುರು ಇಲ್ಲದ ಮನೆಯಲ್ಲಿ ಪುಸ್ತಕ, ಚಿತ್ರಪಟ, ಮುರಿದ ವಾದ್ಯ ಇವನ್ನೇ ಗುರು ಮಾಡಿಕೊಂಡವರು ಇವರು. ಹೀಗೆ ಕಟ್ಟಿದ್ದರಲ್ಲಿ ಇವರ ಕಾಲದ ರುಚಿ ಬೆರೆಯದೆ ಇರುತ್ತದೆಯೇ? ಬೆರೆಯಲಿ. ನನಗೆ ಅದರಿಂದ ಬೇಸರವಿಲ್ಲ.

ಡೋಲಿನ ವಿಷಯ: ಕೆಲವು ರೆಕಾರ್ಡಿಂಗುಗಳಲ್ಲಿ ಜಾಸ್ತಿಯಾಯಿತು ಅಂತ ನನಗೂ ಅನ್ನಿಸಿದೆ. ಹಳೆ ಹಾಡನ್ನೆಲ್ಲ ಒಂದೇ ಬಗೆಯ ಗಂಟೆ ಸದ್ದಿನಿಂದ ಶುರು ಮಾಡುವುದು ನನಗೆ ಹಿಡಿಸುವುದಿಲ್ಲ. ಆದರೆ ಕುಣಿತದ ರಚನೆಗಳಿಗೆ ತಾಳ ಬರೆದಿಟ್ಟಿಲ್ಲ ಅಂದ ಮಾತ್ರಕ್ಕೆ ತಾಳ ಇರಲಿಲ್ಲ ಅನ್ನುವುದೂ ಆಗುವುದಿಲ್ಲ. ನಮ್ಮ ಕೃತಿಗಳ ಪುಸ್ತಕದಲ್ಲಿ ಮೃದಂಗದ ನಡೆ ಬರೆದಿರುತ್ತಾರೆಯೇ?

ಮೇಣದ ಮೆಟ್ಟು

ಕೊನೇ ಮಾತು ಸರಿಯಾಗಿ ಹೇಳಿದಿರಿ. ನಮ್ಮ ಪುಸ್ತಕದಲ್ಲಿ ಗಮಕವನ್ನೂ ಬಿಡಿಸಿ ಬರೆದಿರುವುದು ಅಪರೂಪ. ಬರೆದದ್ದನ್ನಷ್ಟೇ ನುಡಿಸಿದರೆ ತೋಡಿ ರಾಗ ತೋಡಿಯಾಗುವುದಿಲ್ಲ.

ಮಾರೆ ಅವರ ಪುಸ್ತಕದಲ್ಲಿ ಗಮಕಕ್ಕೆ ಗುರುತುಗಳಿವೆ ಅಂತ ಓದಿದ್ದೆ. ನಿಜವೇ?

ತುಂಗಾತೀರ

ನಿಜ ಮೇಡಂ. ಕಂಪನಕ್ಕೇ ಎರಡು ಬೇರೆ ಗುರುತು. ಒಂದು, ಎರಡು ಬೆರಳು ಜೊತೆಯಲ್ಲಿಟ್ಟು, ಒಂದು ಬೆರಳು ತಂತಿ ಒತ್ತಿದ್ದಾಗ ಇನ್ನೊಂದು ಬೆರಳು ಪಕ್ಕದಲ್ಲೇ ಮೆಲ್ಲಗೆ ತಂತಿಯನ್ನು ತಟ್ಟುವುದು. ಇನ್ನೊಂದು, ಒಂದೇ ಬೆರಳನ್ನು ಅಲುಗಿಸುವುದು, ಅದರ ಹೆಸರಿನ ಅರ್ಥವೇ ನರಳು ಅಂತ. ಸ್ವರವನ್ನು ಎಲ್ಲಿ ಉಬ್ಬಿಸಬೇಕು ಅನ್ನುವುದಕ್ಕೆ ಬೇರೆ ಗುರುತು. ಎಲ್ಲ ಸ್ವರಕ್ಕೂ ಒಂದೇ ಸಮನೆ ನಡುಕ ಕೊಡುವ ಈಗಿನ ಪದ್ಧತಿ ಅಲ್ಲಿ ಇಲ್ಲ. ಬೇಕಾದ ಕಡೆ ಮಾತ್ರ, ಅಲಂಕಾರವಾಗಿ. 1686ರಿಂದ 1725ರ ನಡುವೆ ಐದು ಸಂಪುಟ ತಂದರು.

ಡಾಕ್ಟರ್ ಹಾಸನ

ಸುಮ್ನೆ ಓದುತ್ತಿದ್ದೆ, ಮಾರೆ ಹೆಸರು ಬಂದದ್ದಕ್ಕೆ ಒಂದು ಮಾತು. ಅವರ ಐದನೇ ಸಂಪುಟದಲ್ಲಿ ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಯೋಲ್‌ನಲ್ಲಿ ನುಡಿಸುವ ಒಂದು ರಚನೆ ಇದೆ. ಅರಿವಳಿಕೆ ಇಲ್ಲದ ಕಾಲ. ಸ್ವರಗಳ ಜೊತೆಗೆ ಒಂದೊಂದು ಮಾತು ಬರೆದಿದ್ದಾರೆ: ಮೇಜು ಕಂಡು ನಡುಗುವುದು, ಮೇಲೆ ಹತ್ತುವ ನಿರ್ಧಾರ, ಕೈಕಾಲಿಗೆ ರೇಷ್ಮೆ ದಾರ ಕಟ್ಟುವುದು, ಕತ್ತರಿಸುವುದು, ದನಿ ಉಡುಗುವುದು, ರಕ್ತ ಹರಿಯುವುದು, ಬಿಚ್ಚಿ ಹಾಸಿಗೆಗೆ ಹೊರುವುದು. ನಾನು ಶಸ್ತ್ರಚಿಕಿತ್ಸೆ ಮಾಡುವವನು. ಮೊದಲ ಸಲ ಕೇಳಿದಾಗ ಪೂರ್ತಿ ಕೇಳುವುದಕ್ಕೆ ಆಗಲಿಲ್ಲ, ಮಧ್ಯೆ ನಿಲ್ಲಿಸಿ ಎದ್ದು ಹೋದೆ. ಮೇಜಿನ ಮೇಲೆ ಮಲಗಿದವರ ಕಡೆಯಿಂದ ಅಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಾಳಿ ಹೊಳೆ (ಕಾರವಾರ)

ನಮ್ಮ ಕರಾವಳಿಯ ಪಕ್ಕಕ್ಕೆ ಬರುವ ವಿಷಯವೂ ಒಂದಿದೆ. ಕ್ರೈಸ್ತ ಪಾದ್ರಿ ಫ್ರಾನ್ಸಿಸ್ ಜೇವಿಯರ್ ಹುಟ್ಟಿ 500 ವರ್ಷವಾದ ನೆನಪಿಗೆ ಹೆಸ್ಪೆರಿಯಾನ್ ತಂಡ ಪೂರ್ವದ ದಾರಿ ಅಂತ ಒಂದು ದೊಡ್ಡ ಆಲ್ಬಂ ಮಾಡಿತು, 2007ರಲ್ಲಿ ಬಂತು. ಜೇವಿಯರ್ ಸ್ಪೇನಿನ ನವಾರ್ರಾದವರು, 1542ರಲ್ಲಿ ಗೋವಾಕ್ಕೆ ಬಂದಿಳಿದರು, 1552ರಲ್ಲಿ ಚೀನಾದ ತೀರದ ಒಂದು ದ್ವೀಪದಲ್ಲಿ ತೀರಿಕೊಂಡರು. ದೇಹ ಹಳೆ ಗೋವಾದ ಬೊಮ್ ಜೀಸಸ್ ಚರ್ಚಿನಲ್ಲಿದೆ, ನಮ್ಮಲ್ಲಿಂದ ಬಸ್ಸಿನಲ್ಲಿ ಹೋಗಿ ಬರಬಹುದು. ಅವರು ಹೋದ ದಾರಿಯ ಉದ್ದಕ್ಕೂ ಇದ್ದ ಸಂಗೀತಗಳನ್ನು ಆ ಆಲ್ಬಂನಲ್ಲಿ ಸಾಲಾಗಿ ಇಟ್ಟಿದ್ದಾರೆ. ಭಾರತದ ಭಾಗಕ್ಕೆ ಬಂದಾಗ ಸರೋದ್, ತಬಲಾ ಬರುತ್ತದೆ.

ಅದರಲ್ಲಿ ಒಂದು ಲ್ಯಾಟಿನ್ ಸ್ತೋತ್ರ ಮತ್ತೆ ಮತ್ತೆ ಬೇರೆ ಬೇರೆ ಬಣ್ಣದಲ್ಲಿ ಬರುತ್ತದೆ, ಮೇರಿ ಮಾತೆಯನ್ನು ಹೊಗಳುವ ಓ ಗ್ಲೋರಿಯೋಸಾ ದೋಮಿನಾ. ಜಪಾನಿನಲ್ಲಿ ಕ್ರೈಸ್ತ ಮತಕ್ಕೆ ನಿಷೇಧ ಬಂದಾಗ ಇಕಿತ್ಸುಕಿ ಅನ್ನುವ ದ್ವೀಪದ ಜನ ಅದನ್ನು ಗುಟ್ಟಾಗಿ ಹಾಡಿಕೊಂಡೇ ಬಂದರು. ಪದಗಳ ಅರ್ಥ ಮರೆಯಿತು, ಉಚ್ಚಾರ ಬದಲಾಯಿತು, ಅವರ ಬಾಯಲ್ಲಿ ಅದು ಗುರುರಿಯೋಜಾ ಆಯಿತು. ಆದರೂ ಬಿಡಲಿಲ್ಲ. ಜಪಾನಿನ ವಿದ್ವಾಂಸರೊಬ್ಬರು 20ನೇ ಶತಮಾನದಲ್ಲಿ ಅದರ ಮೂಲವನ್ನು ಸ್ಪೇನಿನ ಹಳೆ ಪುಸ್ತಕದಲ್ಲಿ ಹುಡುಕಿ ತೆಗೆದರು. ತುಂಗಾತೀರ ಅವರು ಪುಸ್ತಕದಿಂದ ಎಬ್ಬಿಸಿದ ಸಂಗೀತದ ಮಾತು ಹೇಳಿದರು. ಇದು ಅದಕ್ಕೆ ತಿರುಗುಮುರುಗು. ಸ್ಪೇನಿನಲ್ಲಿ ಪುಸ್ತಕದೊಳಗೆ ಮಲಗಿದ್ದದ್ದು ಜಪಾನಿನ ಬೆಸ್ತರ ಬಾಯಲ್ಲಿ ಎಚ್ಚರವಿತ್ತು.

ಮೇಣದ ಮೆಟ್ಟು

ಅಬ್ಬಾ! ಇದನ್ನು ನಮ್ಮ ಮಕ್ಕಳಿಗೆ ನಾಳೆಯೇ ಹೇಳುತ್ತೇನೆ.

ಪಿಟೀಲು ಮೈಸೂರು

ಕರುಳಿನ ತಂತಿಯ ಬಗ್ಗೆ ಕೇಳಿ ಇಬ್ಬರು ಮೆಸೇಜ್ ಮಾಡಿದ್ದಾರೆ, ಇಲ್ಲೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಒಂದು ಸೆಟ್ ಹೊರದೇಶದಿಂದ ತರಿಸಿ ನನ್ನ ಹಳೆ ಪಿಟೀಲಿಗೆ ಹಾಕಿದ್ದೆ. ತೆಳು ತಂತಿ ಐದನೇ ದಿನಕ್ಕೆ ಎಳೆ ಬಿಟ್ಟುಕೊಂಡಿತು. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್) ಹತ್ತಿರ ಸಣ್ಣ ಕೂದಲು ಎದ್ದ ಹಾಗೆ ಕಾಣುತ್ತದೆ, ಕಂಡರೆ ಆಯಸ್ಸು ಮುಗಿಯಿತು ಅಂತಲೇ. ಎಂಟನೇ ದಿನ ಕಿತ್ತಿತು. ಆಷಾಢದ ಮಳೆ ಹಿಡಿದಾಗ ಉಳಿದ ತಂತಿ ತೇವ ಕುಡಿದು ಶ್ರುತಿಯೇ ನಿಲ್ಲಲಿಲ್ಲ. ಸ್ವಲ್ಪ ಎಣ್ಣೆ ಒರೆಸಿ, ಬಳಸದಾಗ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ತುಸು ತಾಳುತ್ತದೆ. ಗಮಕಕ್ಕೆ ಕೈ ಜಾರುವುದು ಉಕ್ಕಿನ ತಂತಿಯಷ್ಟು ಸಲೀಸಲ್ಲ. ಆದರೆ ಮಂದ್ರದಲ್ಲಿ ಒಂದು ಆನಂದಭೈರವಿ ಎಳೆದು ನೋಡಿದೆ. ಅಡುಗೆಮನೆಯಲ್ಲಿದ್ದ ನಮ್ಮ ತಾಯಿ ಹೊರಗೆ ಬಂದು, "ಯಾರೋ ಹಾಡಿದ ಹಾಗಾಯ್ತಲ್ಲ" ಅಂದರು.

ಬನಶಂಕರಿ ರಸಿಕ

ಸರ್, ಆ ಪಿಟೀಲು ಇನ್ನೂ ಹಾಗೇ ಇದೆಯೇ? ಮೈಸೂರಿಗೆ ಬಂದರೆ ಕೇಳಬಹುದೇ?

ತುಂಗಾತೀರ, ನನಗೆ ಮುಂದೆ ಏನು ಕೇಳಲಿ ಹೇಳಿ. ದೊಡ್ಡ ಪಟ್ಟಿ ಬೇಡ, ಒಂದೋ ಎರಡೋ ಸಾಕು.

ತುಂಗಾತೀರ

ಓರ್ತಿಸ್ ಅವರ ರಚನೆಗಳಿಂದ ಶುರು ಮಾಡಿ ರಸಿಕರೇ, ಎಲ್ಲವೂ ಚಿಕ್ಕವು. ಆಮೇಲೆ ಮಾರೆ ಅವರದೇ ಇನ್ನೊಂದು, 1723ರದು: ಪ್ಯಾರಿಸ್‌ನ ಸೇಂಟ್ ಜೆನೆವಿಯೆವ್ ಚರ್ಚಿನ ಗಂಟೆಗಳು. ಕೆಳಗಡೆ ಮೂರೇ ಸ್ವರ, ಮುಗಿಯುವವರೆಗೂ ಅವೇ ಮೂರು. ಇದನ್ನು ಧಾರವಾಡದ ಅಣ್ಣನವರೂ ಕೇಳಬೇಕು, ಲೆಹರಾ ಹಿಡಿದ ಕೈಗೆ ಬಹಳ ಹಿಡಿಸುತ್ತದೆ. ಹಾಗೇ ಮೊಂಟ್ಸೆರಾಟ್ ಫಿಗೆರಾಸ್ ಹಾಡಿದ ಲಾಲಿ ಹಾಡುಗಳು. 2011ರಲ್ಲಿ ತೀರಿಕೊಂಡರು. ಅವತ್ತು ಫೋಂಫ್ರ್ವಾದ್‌ನಲ್ಲಿ ಫೋಲಿಯಾ ಮುಗಿದು ಚಪ್ಪಾಳೆ ನಿಂತ ಮೇಲೆ ಸವಾಲ್ ಒಬ್ಬರೇ ಒಂದು ಲಾಲಿ ಎತ್ತಿಕೊಂಡರು. ಎಂಬತ್ತು ದಾಟಿದ ಕೈ. ಕಮಾನು ತಂತಿಗೆ ತಾಗಿದೆಯೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಎಳೆದರು. ಹೊರಗೆ ಸೈಪ್ರೆಸ್ ಮರಗಳಲ್ಲಿ ಜೀರುಂಡೆ ಕೂಗುತ್ತಿತ್ತು, ಅದು ಕೂಡ ಕೇಳಿಸುತ್ತಿತ್ತು.

ಪಿಟೀಲು ಮೈಸೂರು

ರಸಿಕರೇ, ಪಿಟೀಲು ಇದೆ. ಮಳೆ ನಿಲ್ಲಲಿ, ಹೊಸ ತಂತಿ ತರಿಸುತ್ತೇನೆ. ದಸರಾ ಮುಗಿದ ಮೇಲೆ ಬನ್ನಿ. ಮೇಡಂ, ನೀವೂ ಬರುವುದಾದರೆ ತಂಬೂರಿ ನಮ್ಮ ಮನೆಯಲ್ಲೇ ಇದೆ, ಹಳೆಯದು, ಆ್ಯಪ್ ಬೇಡ.